ಅಡಿಕೆಗೆ ಮದ್ದುಂಟು, ನಮ್ಮ ಕಿಟಕಿಗಿಲ್ಲ

ಮುಂಗಾರು ಶುರುವಾದರೆ ಸಾಕು, ಪೇಟೆಯ ಪತ್ರಿಕೆಗಳ ಪುರವಣಿಗಳಿಗೆ ಗೃಹಿಣಿಯರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿಬಿಡುತ್ತದೆ. ಕಿಟಕಿಯ ಚೌಕಟ್ಟಿಗೆ ಬೂಷ್ಟು ಬಂದರೆ ವಿನೆಗರ್ ಹಾಕಿ ಒರೆಸಿ. ಬಾಗಿಲ ಸಂದಿಯಲ್ಲಿ ಕರ್ಪೂರ ಇಡಿ. ಪರದೆಗಳನ್ನು ಆಗಾಗ ಬದಲಿಸಿ. ಒದ್ದೆ ಬಟ್ಟೆ ಮನೆಯೊಳಗೆ ಹರವಬೇಡಿ. ಕಿಟಕಿ ತೆರೆದು ಗಾಳಿಯಾಡಲು ಬಿಡಿ. ಕೊನೆಗೆ ತಪ್ಪದೆ ಒಂದು ಮಾತು: ಸ್ವಚ್ಛತೆಯ ಅಭ್ಯಾಸ ಬೆಳೆಸಿಕೊಳ್ಳಿ.

ಈ ಕೊನೆಯ ಮಾತಿಗೇ ನಮ್ಮ ತಕರಾರು. ಅಭ್ಯಾಸ! ಈ ಪದವನ್ನು ನಮ್ಮ ಅಪ್ಪ, ತಾತಂದಿರ ಕಾಲದಿಂದ ಕೇಳಿಕೊಂಡು ಬಂದಿದ್ದೇವೆ. ಕೆರೆ ಬಾವಿಯ ಹತ್ತಿರ ಸುಳಿಯಗೊಡದವರೇ ‘ಇವಕ್ಕೆ ಮೀಯೋದು ಗೊತ್ತಿಲ್ಲ’ ಅಂದರು. 1927ರಲ್ಲಿ ಮಹಾಡಿನ ಚೌದಾರ್ ಕೆರೆಯಿಂದ ಬಾಬಾಸಾಹೇಬರು ಬೊಗಸೆ ನೀರು ಕುಡಿದ ತಪ್ಪಿಗೆ, ಅದೇ ಕೆರೆಗೆ ಸಗಣಿ, ಗಂಜಲ ಸುರಿದು ‘ಶುದ್ಧಿ’ ಮಾಡಿದವರು ನಮಗೆ ಸ್ವಚ್ಛತೆಯ ಮೇಷ್ಟ್ರಾದರು. ಊರ ನೀರೆಲ್ಲ ಹರಿದು ಬಂದು ನಿಲ್ಲುವ ತಗ್ಗಿನಲ್ಲಿ ಕೇರಿಯನ್ನು ಇಟ್ಟವರೇ ಕೇರಿ ಯಾಕೆ ಕೆಸರಾಗಿದೆ ಎಂದು ಮೂಗು ಮುಚ್ಚಿಕೊಂಡರು. ಈಗ ಕೇರಿಗೆ ಕಾಲೊನಿ ಎಂಬ ಹೆಸರು ಬಂದಿದೆ. ಗುಡಿಸಲಿದ್ದ ಕಡೆ ಸಿಮೆಂಟಿನ ಗೂಡು ಎದ್ದಿದೆ. ಮೂಗು ಮುಚ್ಚಿಕೊಳ್ಳುವವರು ಮಾತ್ರ ಬದಲಾಗಿಲ್ಲ. ಗೋಡೆಯ ಮೇಲೆ ಕಪ್ಪು ಕಂಡ ತಕ್ಷಣ ಅವರು ಗೋಡೆಯನ್ನು ನೋಡುವುದಿಲ್ಲ, ನಮ್ಮ ಮುಖ ನೋಡುತ್ತಾರೆ.

ಆದ್ದರಿಂದ ಗೆಳೆಯರೆ, ನಾವಾದರೂ ಗೋಡೆಯನ್ನು ನೋಡೋಣ.

ಬೂಷ್ಟು ಅಂದರೆ ಶಿಲೀಂಧ್ರ, ಅಣಬೆಯ ದಾಯಾದಿ. ಅದರ ಬೀಜಾಣು ಬರಿಗಣ್ಣಿಗೆ ಕಾಣುವುದಿಲ್ಲ, ಆದರೆ ಗಾಳಿಯಿದ್ದ ಕಡೆಯೆಲ್ಲ ಇರುತ್ತದೆ. ಮಠದೊಳಗೂ ಇದೆ, ವಿಧಾನಸೌಧದೊಳಗೂ ಇದೆ. ಅದಕ್ಕೆ ತಿನ್ನಲಿಕ್ಕೆ ಹೆಚ್ಚೇನೂ ಬೇಡ. ಮರ, ಕಾಗದ, ಬಣ್ಣದ ಅಂಟು, ಗೋಡೆಗೆ ಕೂತ ಧೂಳು, ಏನಾದರೂ ಸೈ. ಅದು ಕಾಯುವುದು ನೀರಿಗಾಗಿ. ಅದೂ ನಿಂತ ನೀರೇ ಬೇಕೆಂದಿಲ್ಲ. ಗೋಡೆಯ ಮೈಗೆ ತಾಗಿದ ಗಾಳಿಯಲ್ಲಿ ತೇವ ಶೇ. 80ರ ಮೇಲೆ ಕೆಲವು ದಿನ ನಿಂತರೆ ಸಾಕು, ಬೀಜಾಣು ಕಣ್ಣು ಬಿಡುತ್ತದೆ. ಮನೆಯ ಎಲ್ಲ ಜಾಗ ಬಿಟ್ಟು ಕಿಟಕಿ ಬಾಗಿಲುಗಳ ಸುತ್ತಲೇ ಅದು ಮೊದಲು ಕಾಣುವುದು ಯಾಕೆ? ಗೋಡೆಯನ್ನು ಒಡೆದು ಮರವನ್ನೋ ಕಬ್ಬಿಣವನ್ನೋ ಕೂರಿಸಿದ ಜಾಗ ಅದು. ಮರ ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ಗಾರೆ ಕುಗ್ಗುವುದೂ ಇಲ್ಲ, ಉಬ್ಬುವುದೂ ಇಲ್ಲ. ಎರಡರ ನಡುವೆ ಕೂದಲೆಳೆಯ ಬಿರುಕು ಬೀಳುತ್ತದೆ. ಗೋಡೆಯ ಮೇಲಿಂದ ಇಳಿದ ಮಳೆನೀರು ಆ ಬಿರುಕಿಗೆ ನುಗ್ಗುತ್ತದೆ. ಕಿಟಕಿಯ ಕೆಳಗಟ್ಟು ಹೊರಗೆ ಇಳಿಜಾರಾಗದೆ ಒಳಗೆ ವಾಲಿದ್ದರೆ ನೀರು ನೇರ ಮನೆಯೊಳಕ್ಕೇ. ಕಬ್ಬಿಣದ ಚೌಕಟ್ಟೂ, ಮೇಲಿನ ಕಾಂಕ್ರೀಟಿನ ಲಿಂಟಲ್ಲೂ ರಾತ್ರಿ ಬೇಗ ತಣ್ಣಗಾಗುವುದರಿಂದ, ಒಳಗಿನ ಜನರ ಉಸಿರು, ಅನ್ನದ ಹಬೆ ಅಲ್ಲಿಗೆ ತಾಗಿ ಬೆವರುತ್ತವೆ. ಬಾಗಿಲ ಬುಡದ ಕಥೆ ಬೇರೆ: ಅಂಗಳಕ್ಕೆ ಬಿದ್ದ ಹನಿ ಸಿಡಿದು ಹಲಗೆಗೆ ಬಡಿಯುತ್ತದೆ, ನೆಲದ ತೇವ ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಗೋಡೆಯೊಳಗೆ ಏರುತ್ತದೆ.

ಇದರಲ್ಲಿ ನಮ್ಮ ಅಭ್ಯಾಸ ಎಲ್ಲಿ ಬಂತು?

ಮಲೆನಾಡಿನ ಒಡೆಯರ ಹಳೇ ಮನೆ ನೋಡಿದ್ದೀರಲ್ಲ. ಎದೆಮಟ್ಟದ ಜಗಲಿ. ಗೋಡೆಯಿಂದ ಮಾರುದೂರ ಚಾಚಿದ ಸೂರು. ಗೋಡೆಗೆ ಮಳೆ ತಾಗಿದ್ದೇ ಅಪರೂಪ. ಸಾಲದೆಂದು ಮಳೆಗಾಲಕ್ಕೆ ಮುಂಚೆ ಗಾಳಿ ಬೀಸುವ ದಿಕ್ಕಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸುತ್ತಿದ್ದರು. ಸೋಗೆ ಹೊತ್ತವರು ನಾವು, ತಟ್ಟಿ ಹೆಣೆದವರು ನಾವು, ಕಟ್ಟಿದವರೂ ನಾವು. ಮಳೆಯನ್ನು ಗೋಡೆಯಿಂದ ದೂರ ಇಡುವ ವಿದ್ಯೆ ನಮಗೆ ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ಅವರ ಜಗಲಿಯನ್ನೇ ಸಾಕ್ಷಿಗೆ ಕರೆಯಬಹುದು. ವಿದ್ಯೆ ಇತ್ತು. ಜಾಗ ಇರಲಿಲ್ಲ, ಮರ ಇರಲಿಲ್ಲ, ಪಾಯ ಎತ್ತರಿಸುವ ಕಲ್ಲಿರಲಿಲ್ಲ. ಕಲ್ಲಿದ್ದರೂ ಒಡೆಯರ ಸಮಕ್ಕೆ ಜಗಲಿ ಎತ್ತುವ ಧೈರ್ಯಕ್ಕೆ ಬೇರೆ ಬೆಲೆ ತೆರಬೇಕಿತ್ತು.

ಈಗಿನ ಸರ್ಕಾರಿ ಮನೆಗೆ ಬನ್ನಿ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಒಂದು ಮನೆಗೆ ಕೊಟ್ಟ ಅಳತೆ ಕನಿಷ್ಠ 25 ಚದರ ಮೀಟರ್, ಅಡುಗೆಯ ಜಾಗವೂ ಸೇರಿ. ಬಯಲು ಪ್ರದೇಶಕ್ಕೆ ನೆರವು 1.20 ಲಕ್ಷ ರೂಪಾಯಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಚಳ್ಳಕೆರೆಯಲ್ಲಿ ಮೋಡ ಕಂಡರೆ ಜನ ಹೊರಗೆ ಬಂದು ನೋಡುತ್ತಾರೆ. ಎರಡೂ ಕಡೆ ಫಲಾನುಭವಿಯ ಕೈಗೆ ಬೀಳುವ ಮನೆ ಒಂದೇ ಜಾತಿಯ ಪೆಟ್ಟಿಗೆ. ದುಡ್ಡು ಕಮ್ಮಿ ಬಿದ್ದಾಗ ಮೇಸ್ತ್ರಿ ಮೊದಲು ಕೈ ಬಿಡುವುದು ಯಾವುದನ್ನು? ಗೋಡೆ ಬಿಡಲಾಗದು, ಛಾವಣಿ ಬಿಡಲಾಗದು. ಬಿಡುವುದು ಕಿಟಕಿಯ ಮೇಲಿನ ಸಜ್ಜ. ಒಂದೂವರೆ ಎರಡು ಅಡಿ ಮುಂದೆ ಚಾಚಿದ, ತುದಿಯ ಅಡಿಯಲ್ಲಿ ನೀರು ತೊಟ್ಟಿಕ್ಕಿ ಬೀಳಲೆಂದು ಒಂದು ಗೀರು ಹೊಡೆದ ಕಾಂಕ್ರೀಟಿನ ಹಲಗೆ, ಅಷ್ಟೇ. ಆ ಗೀರಿಲ್ಲದಿದ್ದರೆ ನೀರು ಸಜ್ಜದ ಹೊಟ್ಟೆಗೆ ಅಂಟಿಕೊಂಡು ತೆವಳುತ್ತ ಮತ್ತೆ ಗೋಡೆಗೇ ಬರುತ್ತದೆ. ಬಿಲ್ಲು ಪಾಸಾಗಲು ತಳಪಾಯದ ಫೋಟೋ ಬೇಕು, ಲಿಂಟಲ್ ಮಟ್ಟದ ಫೋಟೋ ಬೇಕು, ಛಾವಣಿಯದು ಬೇಕು, ಮುಗಿದ ಮೇಲೆ ಮನೆಯ ಮುಂದೆ ಫಲಾನುಭವಿಯನ್ನು ನಿಲ್ಲಿಸಿ ಇನ್ನೊಂದು ಬೇಕು. ಮಳೆನೀರು ಎಲ್ಲಿ ಇಳಿಯುತ್ತದೆ ಎಂಬ ಫೋಟೋ ಯಾರಿಗೂ ಬೇಡ.

‘ಕಿಟಕಿ ತೆರೆದಿಡಿ’ ಎಂಬ ಬುದ್ಧಿಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇದು ಚಳಿದೇಶದ ಮಾತು. ಅಲ್ಲಿ ಹೊರಗಿನ ತಣ್ಣನೆಯ ಗಾಳಿಯಲ್ಲಿ ನೀರು ಕಡಿಮೆ. ಅದು ಒಳಗೆ ಬಂದು ಬೆಚ್ಚಗಾದಾಗ ಕೋಣೆಯ ತೇವ ಹೀರಿಕೊಂಡು ಹೊರಗೆ ಹೋಗುತ್ತದೆ. ಅಲ್ಲಿ ತೆರೆದರೆ ಲಾಭವುಂಟು. ಪುನರ್ವಸು ಪುಷ್ಯ ಮಳೆಗಳು ಜಡಿಯುವಾಗ ಮಲೆನಾಡಿನ ಹೊರಗಾಳಿಯೇ ಒದ್ದೆಬಟ್ಟೆ. ಆಗ ಕಿಟಕಿ ತೆರೆದರೆ ಒಳಗೆ ಬರುವುದು ಇನ್ನಷ್ಟು ನೀರು, ಸಜ್ಜ ಇಲ್ಲದ ಕಿಟಕಿಯಾದರೆ ಇರಚಲೂ ಕೂಡ. ಮುಚ್ಚಿದರೆ ಒಳಗಿನ ಹಬೆ ಹೋಗುವುದಿಲ್ಲ. ತೆರೆದರೂ ತಪ್ಪು, ಮುಚ್ಚಿದರೂ ತಪ್ಪು. ಈ ಇಕ್ಕಟ್ಟಿನಲ್ಲಿ ಸಿಕ್ಕ ಹೆಂಗಸಿಗೆ ಪುರವಣಿಯ ಅಕ್ಕ ಕರ್ಪೂರ ಇಡು ಅನ್ನುತ್ತಾಳೆ.

ಹಿಂದೆ ಒಲೆ ಇತ್ತು. ಹಗಲೆಲ್ಲ ಉರಿದ ಒಲೆಯ ಕಾವು ಗೋಡೆಯನ್ನು ಒಣಗಿಸುತ್ತಿತ್ತು, ಹೊಗೆಯ ಜೊತೆ ತೇವವೂ ಹೆಂಚಿನ ಸಂದಿಯಿಂದ ಹೊರಟು ಹೋಗುತ್ತಿತ್ತು. ನಾವು ಹೊಗೆಯನ್ನು ಹೊಗಳುವ ಜನರಲ್ಲ. ಅವ್ವಂದಿರ ಕಣ್ಣು, ಪುಪ್ಪುಸ ತಿಂದ ಹೊಗೆ ಅದು. ಗ್ಯಾಸು ಬಂದದ್ದು ಒಳ್ಳೆಯದಾಯಿತು. ಆದರೆ ಗ್ಯಾಸಿನ ಲೆಕ್ಕವನ್ನೂ ತಿಳಿಯಬೇಕು. ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಸಮೀಕರಣ ಬರೆದು ತೋರಿಸಲಿ: ಅಡುಗೆ ಅನಿಲ ಒಂದು ಕಿಲೋ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. 14.2 ಕಿಲೋದ ಒಂದು ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ಇಪ್ಪತ್ತೆರಡು ಲೀಟರಿನಷ್ಟು ನೀರು ಮನೆಯ ಗಾಳಿಗೆ ಸೇರಿರುತ್ತದೆ. ಅನ್ನದ ಹಬೆ ಇದರ ಮೇಲೆ. ಹೆಂಚು ತೆಗೆದು ಕಾಂಕ್ರೀಟ್ ಹೊದಿಸಿದ, ಮೇಲೆ ಗಾಳಿಗಂಡಿ ಇಲ್ಲದ, 25 ಚದರ ಮೀಟರಿನ ಡಬ್ಬಿಯೊಳಗೆ ಆ ನೀರು ಎಲ್ಲಿಗೆ ಹೋಗಬೇಕು? ಲಿಂಟಲ್ಲಿಗೆ ಹೋಗುತ್ತದೆ, ಚೌಕಟ್ಟಿಗೆ ಹೋಗುತ್ತದೆ, ಮಗು ಮಲಗುವ ಮೂಲೆಗೆ ಹೋಗುತ್ತದೆ. ಒಲೆ ಕೊಟ್ಟವರು ಫೋಟೋ ಹಾಕಿಸಿಕೊಂಡರು. ಒಲೆಯ ಮೇಲೊಂದು ಗಂಡಿ ಕೊರೆಸಲು ಅವರಿಗೆ ಪುರುಸೊತ್ತಾಗಲಿಲ್ಲ.

ಈಗ ಅಡಿಕೆಯ ವಿಷಯ. ಈ ಲೇಖನದಲ್ಲಿ ನಮ್ಮ ಹೊಟ್ಟೆಯುರಿ ಇರುವುದೇ ಇಲ್ಲಿ.

ಜಡಿಮಳೆಗೆ ಅಡಿಕೆ ಗೊನೆ ಕೊಳೆಯುತ್ತದೆ. ಕೊಳೆರೋಗ. ಅದೂ ನೀರಲ್ಲಿ ಬದುಕುವ, ಶಿಲೀಂಧ್ರದಂಥ ಒಂದು ಜೀವಿಯ ಕೆಲಸ. ಮೈಸೂರು ಸಂಸ್ಥಾನ ಇದನ್ನು ನೋಡಿ ಸುಮ್ಮನೆ ಕೂರಲಿಲ್ಲ. 1908ರಲ್ಲಿ ಕೆನಡಾದಿಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿಯನ್ನು ಕರೆಸಿಕೊಂಡಿತು. ಅವರು ತೋಟಗಳನ್ನು ಸುತ್ತಿದರು, ರೋಗದ ಮೂಲ ಹುಡುಕಿದರು, 1910ರ ಹೊತ್ತಿಗೆ ಕೊಳೆರೋಗದ ಬಗ್ಗೆ ಬರೆದು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟದವರು ಬಳಸುತ್ತಿದ್ದ ಬೋರ್ಡೋ ದ್ರಾವಣವನ್ನು ಇಲ್ಲಿನ ಅಡಿಕೆಗೆ ಹೊಡೆಯುವುದನ್ನು ಕಲಿಸಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇವತ್ತಿಗೂ ಮಳೆಗೆ ಮುಂಚೆ ಒಂದು ಸಲ, ಮಳೆ ನಡುವೆ ಇನ್ನೊಂದು ಸಲ ಔಷಧಿ ಹೊಡೆಯುತ್ತಾರೆ. ಹೊಡೆಯುವವರು ಯಾರು? ಮರ ಹತ್ತುವವರು ಯಾರು? ಕೆಳಗೆ ನಿಂತು ನೀಲಿ ನೀರಲ್ಲಿ ಮೈ ಕೈ ತೋಯಿಸಿಕೊಂಡು ಪಂಪು ಒತ್ತುವವರು ಯಾರು? ಗೊನೆ ಗೊನೆಗೂ ಮದ್ದು ಹೊಡೆದು, ಸಂಜೆ ಮನೆಗೆ ಬಂದು, ಕರಿ ಬೂಷ್ಟು ಕಟ್ಟಿದ ಕಿಟಕಿಯ ಕೆಳಗೆ ಮಲಗುವವರು ಯಾರು?

ಕೋಲ್ಮನ್ ಬಗ್ಗೆ ನಮಗೆ ಕೋಪವಿಲ್ಲ. ಅವರ ಕೆಲಸ ದೊಡ್ಡದು. ಅವರು ಕೊಳೆತ ಅಡಿಕೆಯನ್ನು ನೋಡಿ ಮರದ ‘ಅಭ್ಯಾಸ’ ಸರಿಯಿಲ್ಲ ಅನ್ನಲಿಲ್ಲ. ನೀರು ಎಲ್ಲಿ ನಿಲ್ಲುತ್ತದೆ, ರೋಗ ಎಲ್ಲಿಂದ ಹಬ್ಬುತ್ತದೆ ಎಂದು ಕೇಳಿದರು. ಅದು ವಿಜ್ಞಾನ. ಅಡಿಕೆಗೆ ಅಂಥ ವಿಜ್ಞಾನ ಸಿಕ್ಕಿ ನೂರು ವರ್ಷದ ಮೇಲಾಯಿತು. ನಮ್ಮ ಗೋಡೆಗೆ ಇನ್ನೂ ಬೈಗುಳವೇ ಸಿಗುತ್ತಿದೆ.

ಕಾಫಿ ತೋಟದ್ದೂ ಇದೇ ಪಾಡು. ಬೀಜಕ್ಕೆ ಬೂಷ್ಟು ಹಿಡಿದರೆ ಆಕ್ರಟಾಕ್ಸಿನ್ ಎಂಬ ವಿಷ ಸೇರುತ್ತದೆಂದು, ಅದು ಎಷ್ಟು ಮೈಕ್ರೋಗ್ರಾಂ ದಾಟಬಾರದೆಂದು ಯುರೋಪಿನವರು ಕಾನೂನು ಬರೆದಿಟ್ಟಿದ್ದಾರೆ. ಹಾಗಾಗಿ ಕಣದಲ್ಲಿ ಬೀಜ ಒಣಗಿಸಿ, ತೇವ ಅಳೆಯುವ ಯಂತ್ರಕ್ಕೆ ಹಾಕಿ, ಶೇ. 10-12ರ ಆಸುಪಾಸಿಗೆ ಇಳಿಯಿತೇ ಎಂದು ನೋಡಿ ಮೂಟೆ ಕಟ್ಟುತ್ತಾರೆ. ಕಣದಿಂದ ಕೂಗಳತೆಯಲ್ಲಿ ಲೈನ್ ಮನೆ. ಒಂದು ಬಾಗಿಲು, ಒಂದು ಕಿಟಕಿ, ಅಕ್ಕಪಕ್ಕದವರಿಗೆ ಸೇರಿದ ಎರಡು ಗೋಡೆ. ಅಂದರೆ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುವ ದಾರಿಯೇ ಇಲ್ಲ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಮಾಲೀಕನೇ ಮನೆ ಕೊಡಬೇಕು ಎಂದು ಬರೆಯಿತು, ಮಾಲೀಕ ಮನೆ ಕೊಟ್ಟ. ತೇವದ ಯಂತ್ರವನ್ನು ಕಣದಿಂದ ಎತ್ತಿಕೊಂಡು ಹೋಗಿ ಆ ಮನೆಯ ಕಿಟಕಿ ಪಕ್ಕ ಹಿಡಿದ ರೈಟರನನ್ನು ನಾವು ಇನ್ನೂ ಕಂಡಿಲ್ಲ.

ಹಾಗಾದರೆ ಕಾಫಿಯ ಬೂಷ್ಟನ್ನು ಮೈಕ್ರೋಗ್ರಾಂ ಲೆಕ್ಕದಲ್ಲಿ ಅಳೆಯುವ ಬಿಳಿಯರ ನಾಡಿನಲ್ಲಿ ಬಡವರ ಮನೆ ಒಣಗಿದೆಯೇ? ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಹೆಸರು ನಮ್ಮ ವಾಣಿಜ್ಯ ಪದವಿಯ ಹುಡುಗರಿಗೆ ಗೊತ್ತು. 1844ರಲ್ಲಿ ನೇಕಾರರು, ಕಾರ್ಮಿಕರು ಸೇರಿ ಸಹಕಾರಿ ಅಂಗಡಿ ತೆರೆದ ಊರು. ಸಹಕಾರ ತತ್ವದ ಪಾಠ ಅಲ್ಲಿಂದಲೇ ಶುರು. ಅದೇ ಊರಿನ ಬಾಡಿಗೆ ಮನೆಯೊಂದರಲ್ಲಿ ಸುಡಾನಿನಿಂದ ಬಂದ ದಂಪತಿಗಳಿದ್ದರು. ಮನೆ ರಾಚ್‌ಡೇಲ್ ಬರೋವೈಡ್ ಹೌಸಿಂಗ್ ಎಂಬ ಸಾಮಾಜಿಕ ವಸತಿ ಸಂಸ್ಥೆಯದು. 2017ರಲ್ಲೇ ಅಪ್ಪ ಬೂಷ್ಟಿನ ಬಗ್ಗೆ ದೂರು ಹೇಳಿದ. ಅದರ ಮೇಲೆ ಬಣ್ಣ ಬಳಿದುಕೋ ಎಂದರು. 2018ರ ಡಿಸೆಂಬರಿನಲ್ಲಿ ಮಗು ಹುಟ್ಟಿತು, ಅವಾಬ್ ಇಶಾಕ್. ಎರಡು ವರ್ಷ ತುಂಬಿದ ಎಂಟನೇ ದಿನಕ್ಕೆ, 2020ರ ಡಿಸೆಂಬರ್ 21ರಂದು, ಆ ಮಗು ತೀರಿಕೊಂಡಿತು. ಮನೆಯೊಳಗಿನ ಬೂಷ್ಟಿನಲ್ಲಿ ಬಹುಕಾಲ ಉಸಿರಾಡಿದ್ದರಿಂದ ಬಂದ ಶ್ವಾಸದ ತೊಂದರೆಯೇ ಸಾವಿಗೆ ಕಾರಣ ಎಂದು 2022ರ ನವೆಂಬರಿನಲ್ಲಿ ಅಲ್ಲಿನ ಕೊರೋನರ್ ತೀರ್ಮಾನಿಸಿದರು. ಮನೆಯಲ್ಲಿ ಗಾಳಿಯ ವ್ಯವಸ್ಥೆ ಸರಿಯಾಗಿರಲಿಲ್ಲ ಎಂದೂ ಹೇಳಿದರು.

ಆ ಸಂಸ್ಥೆ ಮೊದಲು ಹುಡುಕಿದ ಕಾರಣ ಏನು ಗೊತ್ತೆ? ಈ ಜನ ಬದುಕುವ ರೀತಿ. ಸ್ನಾನ ಮಾಡುವ ರೀತಿ. ಆಮೇಲೆ, ಆ ಕುಟುಂಬದ ಜೀವನಶೈಲಿಯ ಬಗ್ಗೆ ತಾವು ಊಹೆ ಮಾಡಿಕೊಂಡದ್ದು ತಪ್ಪು ಎಂದು ಒಪ್ಪಿಕೊಂಡರು. ಮಗು ಹೋದ ಮೇಲೆ.

ಏಳು ಸಮುದ್ರದಾಚೆಯ ಆ ಮಾತು ನಮ್ಮ ಕಿವಿಗೆ ಹೊಸತಾಗಿ ಕೇಳಲಿಲ್ಲ. ನಾವು ಓದಿದ ಹಾಸ್ಟೆಲಿನಲ್ಲಿ ಕಿಟಕಿಗಳಿಗೆ ಗಾಜಿದ್ದರೆ ಅಗುಳಿ ಇರಲಿಲ್ಲ, ಅಗುಳಿ ಇದ್ದರೆ ಗಾಜಿರಲಿಲ್ಲ. ರಟ್ಟು ಸಿಕ್ಕಿಸಿಕೊಂಡು ಮಲಗುತ್ತಿದ್ದೆವು. ಜುಲೈ ಮುಗಿಯುವುದರೊಳಗೆ ಚೌಕಟ್ಟಿನಿಂದ ಶುರುವಾದ ಕಪ್ಪು ಹಾಸಿಗೆಯ ಮಟ್ಟಕ್ಕೆ ಇಳಿಯುತ್ತಿತ್ತು. ಟ್ರಂಕಿನೊಳಗಿನ ಜಾತಿ ಪ್ರಮಾಣಪತ್ರದ ಮೂಲೆಗೆ ಹಸಿರು ಹತ್ತಿತು. ನಮ್ಮ ಮನೆಗಳಲ್ಲಿ ಮೊದಲ ಬಾರಿಗೆ ಬಂದ ಪದವಿ ಕಾಗದಕ್ಕೂ ಆಮೇಲೆ ಹತ್ತಿತು ಅನ್ನಿ, ಆ ಮಾತು ಬೇರೆ. ರಾತ್ರಿ ಒಬ್ಬ ಕೆಮ್ಮಲು ಶುರು ಮಾಡಿದರೆ ಸಾಲಾಗಿ ಎಲ್ಲರೂ ಕೆಮ್ಮುತ್ತಿದ್ದೆವು. ಹೇಳಿಕೊಂಡರೆ ವಾರ್ಡನ್ ಅಂದದ್ದು: ‘ಒದ್ದೆ ಚಡ್ಡಿ ಕಿಟಕಿಗೆ ನೇತು ಹಾಕ್ತೀರಿ, ಇನ್ನೇನ್ ಆಗ್ತದೆ? ನಿಮ್ಮ ಮನೇಲಿ ಇದ್ದ ಹಂಗೇ ಇಲ್ಲೂ ಇದ್ದರೆ ಹಿಂಗೇ.’ ನೂರು ಹುಡುಗರ ಬಟ್ಟೆ ಒಣಗಿಸಲು ಒಂದು ತಗಡಿನ ಚಪ್ಪರ ಇರಲಿಲ್ಲ ಎಂಬುದು ಅವರ ಬಾಯಿಗೆ ಬರಲಿಲ್ಲ. ರಾಚ್‌ಡೇಲಿನ ಬಿಳಿ ಅಧಿಕಾರಿಯೂ ನಮ್ಮ ವಾರ್ಡನ್ನರೂ ಒಂದೇ ಶಾಲೆಯಲ್ಲಿ ಓದಿದವರಲ್ಲ. ಆದರೂ ಪಾಠ ಒಂದೇ.

ಅಲ್ಲಿಗೂ ಇಲ್ಲಿಗೂ ಒಂದು ವ್ಯತ್ಯಾಸವುಂಟು, ಅದನ್ನು ಪ್ರಾಮಾಣಿಕವಾಗಿ ಹೇಳಬೇಕು. ಅಲ್ಲಿ ಆ ಅಪ್ಪ ಅಮ್ಮ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಬಾಡಿಗೆದಾರರು ದನಿ ಎತ್ತಿದರು. 2021ರಲ್ಲೇ ಅಲ್ಲಿನ ವಸತಿ ಒಂಬಡ್ಸ್‌ಮನ್ ಬೂಷ್ಟಿನ ಬಗ್ಗೆ ವರದಿ ಬರೆದು, ಇದು ‘ಜೀವನಶೈಲಿ’ ಅಲ್ಲ ಎಂದು ಶೀರ್ಷಿಕೆಯಲ್ಲೇ ಹೇಳಿದ್ದರು. 2023ರಲ್ಲಿ ಸಾಮಾಜಿಕ ವಸತಿ ಕಾಯ್ದೆಗೆ ಆ ಮಗುವಿನ ಹೆಸರಿನ ನಿಯಮ ಸೇರಿತು. 2025ರ ಅಕ್ಟೋಬರ್ 27ರಿಂದ ಅದು ಇಂಗ್ಲೆಂಡಿನ ಸಾಮಾಜಿಕ ಬಾಡಿಗೆ ಮನೆಗಳಿಗೆ ಜಾರಿಗೆ ಬಂದಿದೆ. ಜೀವಕ್ಕೆ ತುರ್ತು ಅಪಾಯವಿದ್ದರೆ 24 ಗಂಟೆಯೊಳಗೆ ಕ್ರಮ. ಗಂಭೀರವಾದ ತೇವ, ಬೂಷ್ಟು ಇದ್ದರೆ 10 ಕೆಲಸದ ದಿನದೊಳಗೆ ಪರಿಶೀಲನೆ, ಅದಾಗಿ 5 ಕೆಲಸದ ದಿನದೊಳಗೆ ಅಪಾಯ ನಿವಾರಣೆ. ಒರೆಸಿಕೋ ಎಂದು ಹೇಳಿ ಕೈತೊಳೆದುಕೊಳ್ಳಲು ಮನೆ ಕೊಟ್ಟವನಿಗೆ ಇನ್ನು ಅವಕಾಶವಿಲ್ಲ.

ನಮ್ಮಲ್ಲಿ ಕಾನೂನಿನ ಆಸರೆ ಇಲ್ಲವೇ ಇಲ್ಲ ಎಂದೇನಲ್ಲ. ಉತ್ತರ ಪ್ರದೇಶದಲ್ಲಿ ಪರಿಶಿಷ್ಟ ಜಾತಿಯವರ ಮನೆಗಳಿಗಾಗಿ ಸರ್ಕಾರ ಜಮೀನು ತೆಗೆದುಕೊಂಡಾಗ ಜಮೀನುದಾರರು ಸುಪ್ರೀಂ ಕೋರ್ಟಿನ ತನಕ ಹೋದರು. 1995ರ ಡಿಸೆಂಬರಿನಲ್ಲಿ ಬಂದ ಚಮೇಲಿ ಸಿಂಗ್ ಪ್ರಕರಣದ ತೀರ್ಪು ಅವರ ವಾದವನ್ನು ಒಪ್ಪಲಿಲ್ಲ. ವಸತಿ ಎಂದರೆ ತಲೆಯ ಮೇಲೊಂದು ಸೂರು ಮಾತ್ರವಲ್ಲ. ಭದ್ರವಾದ ಕಟ್ಟಡ, ಬೆಳಕು, ಶುದ್ಧ ಗಾಳಿ, ನೀರು, ಇವೆಲ್ಲ ಸೇರಿದ್ದು ವಸತಿಯ ಹಕ್ಕು ಎಂದಿತು. ತೀರ್ಪು ಹುಟ್ಟಿದ್ದೇ ನಮ್ಮ ಜನರ ಮನೆ ಸೈಟಿನ ಜಗಳದಲ್ಲಿ. ಆದರೂ ನಮ್ಮ ಕಾಲೊನಿಯ ಬೂಷ್ಟು ಹಿಡಿದ ಗೋಡೆಗೆ ಆ ತೀರ್ಪನ್ನು ಯಾರೂ ಇನ್ನೂ ಒರಗಿಸಿ ನೋಡಿಲ್ಲ.

ಸಂಗಾತಿಗಳಲ್ಲೇ ಕೆಲವರು ನಗುತ್ತಾರೆಂದು ಬಲ್ಲೆವು. ಭೂಮಿ ಪ್ರಶ್ನೆ ಇದೆ, ಕೊಲೆ ಅತ್ಯಾಚಾರಗಳಿವೆ, ಬಡ್ತಿ ಮೀಸಲಾತಿ ಇದೆ. ಕಿಟಕಿ ಒರೆಸುವುದೂ ಒಂದು ಬಂಡಾಯವೇ? ಈ ಮಾತನ್ನು ಆಡುವವರು ಯಾವತ್ತೂ ಕಿಟಕಿ ಒರೆಸಿಲ್ಲ, ಅಷ್ಟು ಗ್ಯಾರಂಟಿ. ಒರೆಸುವ ಕೈ ಅವ್ವನದು, ಅಕ್ಕನದು, ಹೆಂಡತಿಯದು. ಊರವರ ಮನೆಯ ಕಿಟಕಿ ಒರೆಸಿ ಬಂದು ತನ್ನ ಮನೆಯದನ್ನು ಒರೆಸುವ ಕೈ. ಸಭೆಯಲ್ಲಿ ಮಾತಾಡಿ ತಡವಾಗಿ ಬಂದು ಮಲಗುವವನಿಗೆ ಗೋಡೆ ಯಾವ ಬಣ್ಣದಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಭೂಮಿಯ ಪ್ರಶ್ನೆ ಎಂದಿರಲ್ಲ, ಇದೂ ಭೂಮಿಯ ಪ್ರಶ್ನೆಯೇ. ಯಾರಿಗೆ ಯಾವ ಭೂಮಿ ಸಿಕ್ಕಿತು, ಎತ್ತರದ್ದೋ ತಗ್ಗಿನದೋ ಎಂಬುದು ಗೋಡೆಯ ಮೇಲೆ ಕಪ್ಪಕ್ಷರದಲ್ಲಿ ಬರೆದಿದೆ.

ಇನ್ನು ಸಾಹಿತ್ಯದವರು. ಮಲೆನಾಡಿನ ಮಳೆಯ ಮೇಲೆ ಕನ್ನಡದಲ್ಲಿ ಎಷ್ಟು ಕವಿತೆಗಳಿವೆಯೋ ಲೆಕ್ಕವಿಲ್ಲ. ಅವುಗಳಲ್ಲಿ ಬಹುಪಾಲು ಜಗಲಿಯ ಮೇಲೆ ಬೆಚ್ಚಗೆ ಕೂತು, ಕೈಯಲ್ಲಿ ಕಾಫಿ ಲೋಟ ಹಿಡಿದು ಬರೆದವು. ಕುವೆಂಪು ಅವರನ್ನು ಈ ಸಾಲಿಗೆ ಸೇರಿಸುವುದಿಲ್ಲ. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಶುರುವಿನಲ್ಲೇ ಜೀತದಾಳು ನಾಯಿಗುತ್ತಿಯನ್ನು ನಡೆಸಿಕೊಂಡು ಬಂದವರು ಅವರು. ಉಳಿದವರಿಗೆ ಮಳೆ ಅಂದರೆ ಬರೀ ಸದ್ದು, ಮಣ್ಣಿನ ವಾಸನೆ. 1973ರಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಬೂಸಾ ಎಂಬ ಮಾತು ಆಡಿದ್ದಕ್ಕೆ ಊರೂರಲ್ಲಿ ಗಲಾಟೆ ಎಬ್ಬಿಸಿದರು, ಮಂತ್ರಿಗಿರಿ ಕಳೆದರು. ಮಳೆ ಕವಿತೆಗಳನ್ನು ಓದುವಾಗೆಲ್ಲ ನಮಗೆ ಅನ್ನಿಸುವುದು, ಅವರು ಬೂಸಾದ ಜೊತೆ ಬೂಷ್ಟನ್ನೂ ಸೇರಿಸಿ ಹೇಳಬಹುದಿತ್ತು.

ಒರೆಸಲೇಬಾರದು ಎಂದು ನಾವು ಹೇಳುತ್ತಿಲ್ಲ. ಮಗು ಮಲಗುವ ಕೋಣೆಯ ಬೂಷ್ಟನ್ನು ಸಮಾಜ ಬದಲಾಗುವ ತನಕ ಬಿಡಲಾಗದು. ತೇವ, ಬೂಷ್ಟಿನ ಮನೆಗಳಲ್ಲಿ ಉಸಿರಾಟದ ತೊಂದರೆ, ಸೋಂಕು ಹೆಚ್ಚು, ಅಸ್ತಮಾ ಇದ್ದವರಿಗೆ ಅದು ಬಿಗಡಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2009ರಲ್ಲಿ ಹೇಳಿದೆ. ಆದರೆ ಒಣ ಪೊರಕೆಯಿಂದ ಕೆರೆಯಬೇಡಿ, ಬೀಜಾಣು ಮನೆತುಂಬ ಹಾರುತ್ತವೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮಕ್ಕಳನ್ನು, ಉಬ್ಬಸ ಇರುವವರನ್ನು ಹೊರಗೆ ಕಳಿಸಿ, ಒದ್ದೆ ಬಟ್ಟೆಯಿಂದ ಸೋಪುನೀರಲ್ಲಿ ಒರೆಸಿ, ಆ ಬಟ್ಟೆಯನ್ನು ಎಸೆಯಿರಿ. ಬ್ಲೀಚಿಂಗ್ ಪುಡಿ ಬಳಸುವುದಾದರೆ ಅದರ ಜೊತೆ ಪುರವಣಿಯ ವಿನೆಗರನ್ನಾಗಲಿ ಕಕ್ಕಸು ತೊಳೆಯುವ ಆಸಿಡ್ಡನ್ನಾಗಲಿ ಯಾವ ಕಾರಣಕ್ಕೂ ಬೆರೆಸಬೇಡಿ; ಕ್ಲೋರಿನ್ ಅನಿಲ ಎದ್ದು ಪುಪ್ಪುಸ ಸುಡುತ್ತದೆ. ಮರಕ್ಕೂ ಗಾರೆಗೂ ಬ್ಲೀಚಿಂಗ್ ಹಾಕಿದರೆ ಕಪ್ಪು ಬಿಳಿಯಾಗುತ್ತದೆ, ಒಳಗಿಳಿದ ಬೇರು ಹಾಗೇ ಇರುತ್ತದೆ. ತೇವದ ಗೋಡೆಗೆ ಡಬ್ಬಿಯ ಬಣ್ಣ ಹೊಡೆಸಿ ದುಡ್ಡು ಹಾಳು ಮಾಡಬೇಡಿ. ಅದು ನೀರನ್ನು ಒಳಗೇ ಕಟ್ಟಿಹಾಕಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ಗೋಡೆ ಒಣಗಿದ ಬೇಸಿಗೆಯಲ್ಲಿ ಸುಣ್ಣ ಹೊಡೆಯಿರಿ. ಸುಣ್ಣದ ಖಾರಕ್ಕೆ ಬೂಷ್ಟು ಬೇಗ ಹತ್ತುವುದಿಲ್ಲ, ಗೋಡೆಯೂ ಉಸಿರಾಡುತ್ತದೆ. ಚೌಕಟ್ಟಿನ ಬಿರುಕಿಗೆ ಹೊರಗಿನಿಂದ ಗಾರೆ ತುಂಬಿ, ಕೆಳಗಟ್ಟನ್ನು ಹೊರಕ್ಕೆ ಇಳಿಜಾರು ಮಾಡಿಸಿ. ಸಜ್ಜ ಇಲ್ಲದ ಕಿಟಕಿಗೆ ತಗಡಿನದೋ ಸೋಗೆಯದೋ ಒಂದು ಮಾಡು ಇಳಿಬಿಡಿ. ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ.

ಇಷ್ಟು ನಮ್ಮ ಕೈಯ ಕೆಲಸ. ಪಾಯ ಎತ್ತರಿಸುವುದು, ಸಜ್ಜ ಇಳಿಸುವುದು, ಅಡುಗೆಯ ಮೇಲೆ ಗಾಳಿಗಂಡಿ ಇಡುವುದು, ಕಾಲೊನಿಗೆ ನುಗ್ಗುವ ನೀರಿಗೆ ಚರಂಡಿ ತೆಗೆಯುವುದು ನಮ್ಮ ಅಭ್ಯಾಸದ ಪಟ್ಟಿಗೆ ಸೇರಿದ್ದಲ್ಲ. ಅದು ಮನೆ ಕೊಟ್ಟವರ ಲೆಕ್ಕಕ್ಕೆ ಸೇರಬೇಕು. ಮಳೆ ಹೆಚ್ಚಿರುವ ತಾಲ್ಲೂಕುಗಳಿಗೆ ಬೇರೆ ನಕ್ಷೆ, ಅದಕ್ಕೆ ತಕ್ಕ ಹಣ ಕೊಡಲಿ. ಕೊಟ್ಟ ಮನೆಗಳ ದುರಸ್ತಿಗೆ ದಿನದ ಗಡುವು ಹಾಕಲಿ.

ಆದ್ದರಿಂದ ಹಳ್ಳಿಯ ಮೇಷ್ಟ್ರುಗಳೇ, ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ಈ ಮಳೆಗಾಲದಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಕಾಲೊನಿಯ ಮನೆ ಮನೆಗೂ ಹೋಗಿ, ಮನೆಯವರನ್ನು ಕೇಳಿಕೊಂಡು, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮನೆ ಯಾವ ವರ್ಷದ್ದು, ಯಾವ ಯೋಜನೆಯದು. ಬೂಷ್ಟು ಯಾವ ದಿಕ್ಕಿನ ಗೋಡೆಯಲ್ಲಿ, ಕಿಟಕಿಯ ಮೇಲೋ ಕೆಳಗೋ, ಬಾಗಿಲ ಬುಡದಲ್ಲೋ. ಸಜ್ಜ ಇದೆಯೇ, ಎಷ್ಟು ಅಡಿ. ಆ ಕೋಣೆಯಲ್ಲಿ ಮಲಗುವವರಲ್ಲಿ ಕೆಮ್ಮು ಉಬ್ಬಸ ಯಾರಿಗೆ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬಿಲ್ಲಿಗೆ ಬೇಕಾದ ಫೋಟೋ ಅವರು ತೆಗೆದಾಗಿದೆ, ಇದು ನಮ್ಮದು. ಮುಂದಿನ ಗ್ರಾಮಸಭೆಗೆ ಹೆಂಗಸರನ್ನು ಮುಂದೆ ಕೂರಿಸಿಕೊಂಡು ಹೋಗಿ, ಅವರೇ ಮಾತಾಡಲಿ. ‘ನೋಡೋಣ, ಪರಿಶೀಲಿಸೋಣ’ ಎಂದರೆ ಏಳಬೇಡಿ. ಇಷ್ಟು ಮನೆಯಲ್ಲಿ ಸಜ್ಜವಿಲ್ಲ, ಇಷ್ಟು ಮನೆಯ ಗೋಡೆಗೆ ನೆಲದ ನೀರು ಏರಿದೆ ಎಂದು ನಡಾವಳಿ ಪುಸ್ತಕದಲ್ಲಿ ಪಿಡಿಓ ಕೈಯಿಂದ ಬರೆಸಿ, ಓದಿಸಿ ಕೇಳಿ, ನಕಲು ಪ್ರತಿ ಇಸಿದುಕೊಳ್ಳಿ. ಆ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಗೋಡೆಗೂಡಿನಲ್ಲಿಡದೆ ಅಡುಗೆ ಒಲೆಯ ಕಡೆ ಎತ್ತರದಲ್ಲಿಡಿ.